ಸಾಹೇಬರ ಹಣೆಯ ಬಣ್ಣ

ನಮ್ಮ ಓಣಿಯ ಅಂಗನವಾಡಿಗೆ ಒಂದು ದಿನ ತಪಾಸಣೆಯ ಸಾಹೇಬರು ಬಂದರು. ಒಳಗೆ ಮಕ್ಕಳು ಬಟ್ಟಲುಗಳಲ್ಲಿದ್ದ ಕೆಂಪು ನೀರಿನಲ್ಲಿ ಬೆರಳದ್ದಿ ಹಳೇ ಪೇಪರಿನ ಮೇಲೆ ಕೋಳಿ ಬಿಡಿಸುತ್ತಿದ್ದರು. ಸಾಹೇಬರು ಬಾಗಿಲಲ್ಲೇ ನಿಂತರು.

"ಇದು ಯಾವ ಕಂಪನಿ ಬಣ್ಣ?"

"ಮನೇಲಿ ಮಾಡಿದ್ದು ಸಾರ್" ಅಂದಳು ಸಹಾಯಕಿ ಸಿದ್ದಗಂಗಮ್ಮ.

"ಹೆಸರಿಲ್ಲದ ಬಣ್ಣ ಅಂದ್ರೆ ವಿಷ. ಮಕ್ಕಳ ಕೈ ಉರಿದರೆ ಯಾರು ಹೊಣೆ? ಈಗಲೇ ಚೆಲ್ಲು. ನಿನ್ನ ಕೆಲಸ ತೆಗೆಯೋಕೆ ಇವತ್ತೇ ಬರೀತೀನಿ." ಸಾಹೇಬರು ಪೆನ್ನು ಹೊರತೆಗೆದರು.

ಸಿದ್ದಗಂಗಮ್ಮ ಎದುರಾಡಲಿಲ್ಲ. "ಆಗಲಿ ಸಾರ್. ಮೊದಲ ಸಲ ಬಂದಿದ್ದೀರಿ, ಆರತಿ ಎತ್ತದೆ ಒಳಗೆ ಕರೆದರೆ ಚೆನ್ನಾಗಿರಲ್ಲ" ಅಂದು, ಒಂದು ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ತಟ್ಟೆಯಲ್ಲಿ ಕೆಂಪು ನೀರು, ನಡುವೆ ದೀಪ. ಆರತಿ ಅಂದಮೇಲೆ ಸಾಹೇಬರೂ ಮನುಷ್ಯರೇ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಿಂತರು. ಅವಳು ಮೂರು ಸಲ ಆರತಿ ಎತ್ತಿ, ಆ ನೀರಲ್ಲೇ ಹಣೆಗೆ ದೊಡ್ಡ ಬೊಟ್ಟಿಟ್ಟಳು.

"ಉರೀತಾ ಇದೆಯಾ ಸಾರ್?"

"ಆರತಿ ನೀರು ಯಾಕಮ್ಮ ಉರಿಯುತ್ತೆ? ಅರಿಶಿನ, ಚಿಟಿಕೆ ಸುಣ್ಣ ತಾನೆ?"

"ಅಷ್ಟೇ ಸಾರ್. ಮಕ್ಕಳ ಬಟ್ಟಲಿಂದಲೇ ಬಗ್ಗಿಸಿಕೊಂಡೆ."

ಸಾಹೇಬರ ಕೈ ಹಣೆಗೆ ಹೋಯಿತು. ಆರತಿಯ ಬೊಟ್ಟು, ಒರೆಸುವ ಹಾಗಿಲ್ಲ. ಕೈ ಹಾಗೇ ಕೆಳಗಿಳಿದು ಪೆನ್ನನ್ನು ಜೇಬಿಗೆ ಸೇರಿಸಿತು.

"ಉಳಿದದ್ದು ಚೆಲ್ಲಬೇಡಿ" ಅಂದರು ಮೆಲ್ಲಗೆ.

ಸಿದ್ದಗಂಗಮ್ಮ ತಟ್ಟೆ ಹಿಡಿದು ರಸ್ತೆಗೆ ನಡೆದಳು.

"ಈ ತಟ್ಟೆಯದು ಮಾತ್ರ ಚೆಲ್ಲಲೇಬೇಕು ಸಾರ್. ಕೆಟ್ಟ ದೃಷ್ಟಿ ಬಿದ್ದಿದೆ."

ಯಾರದು ಅಂತ ಸಾಹೇಬರು ಕೇಳಲಿಲ್ಲ.