ಟಿಟ್ಟಿಭದ ನಾಲ್ಕು ಮೊಟ್ಟೆ

ಆ ಕೆರೆ ಎಷ್ಟು ದೊಡ್ಡದಪ್ಪಾ ಅಂದರೆ, ಈ ದಂಡೆಯಲ್ಲಿ ಕೂಗಿದ ಮಾತು ಆ ದಂಡೆ ಮುಟ್ಟುವಷ್ಟರಲ್ಲಿ ಕೂಗಿದವನ ಮೀಸೆ ನರೆತಿರುತ್ತಿತ್ತು. ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿದರೆ ನೀರು ಒಂದು ಮೊಳ ಮೇಲೇರುತ್ತಿತ್ತು. ನಂಬದವರು ಬಿಡಲಿ, ಅಳೆದವರು ಈಗ ಯಾರೂ ಉಳಿದಿಲ್ಲ.

ಅದರ ದಂಡೆಯ ಮೇಲೆ ಮರುಳಯ್ಯನವರೆಂಬ ಗುರುಗಳಿದ್ದರು. ಅವರಿಗೊಬ್ಬ ಶಿಷ್ಯ, ಬೊಮ್ಮಣ್ಣ.

ಹುಣ್ಣಿಮೆಗೊಮ್ಮೆ ಊರೂರಿನ ಜನ ಬರುತ್ತಿದ್ದರು. ಗುರುಗಳು ಅವರನ್ನು ಬೆಳಿಗ್ಗೆ ಕೆರೆಯಂಚಿನ ಕಾಲುದಾರಿಯಲ್ಲಿ ನಡೆಸಿ ಹಕ್ಕಿ ತೋರಿಸುತ್ತಿದ್ದರು. ಅವರು ಮಾಡುತ್ತಿದ್ದ ಉಪದೇಶ ಅಷ್ಟೇ.

ಹನ್ನೆರಡು ವರ್ಷ ಬೊಮ್ಮಣ್ಣ ಹಿಂದೆ ಹಿಂದೆಯೇ ನಡೆದ. ಆ ಬೇಸಿಗೆ ಗುರುಗಳು, ಈ ಹುಣ್ಣಿಮೆಗೆ ಮುಂದೆ ನೀನೇ ನಡಿ ಅಂದರು. ಸರಿಯಾಗಿ ನಡೆಸಿದರೆ ಇನ್ನು ಮೇಲೆ ದಾರಿ ನಿನ್ನದೇ ಅಂತಲೂ ಅಂದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಿಂದಿನ ದಿನ ಸಂಜೆ ಅವನು ಒಬ್ಬನೇ ದಾರಿ ನೋಡಿಕೊಂಡು ಬರಲು ಹೋದ. ನೀರು ಹಿಂದೆ ಸರಿದ ಕಡೆ, ನೊರಜುಗಲ್ಲಿನ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ ಕಂಡವು. ಗೂಡಿಲ್ಲ, ಹುಲ್ಲಿಲ್ಲ, ಬರೀ ನೆಲ. ಮೊಟ್ಟೆಯದೂ ಕಲ್ಲಿನದೇ ಬಣ್ಣ.

ನಾಳೆ ನೂರು ಜನ, ಇನ್ನೂರು ಕಾಲು. ಅವನು ಓಡಿ ಹೋಗಿ ಸುಣ್ಣ ತಂದ. ಕಲ್ಲಿಗೆ ಬಳಿದು ಮೊಟ್ಟೆಯ ಸುತ್ತ ಬಳೆಯ ಹಾಗೆ ಜೋಡಿಸಿದ. ಗುರುಗಳಿಗೆ ಹೇಳಲಿಲ್ಲ, ನಾಳೆ ಅವರೇ ಕಂಡು ಬೆನ್ನು ತಟ್ಟಲಿ ಎಂಬ ಆಸೆ.

ಆ ಕೆರೆಯ ಕಾಗೆಗಳೇನು ಸಾಮಾನ್ಯವೇ? ಮೂರು ಊರಾಚೆ ಒಗ್ಗರಣೆ ಸಿಡಿದರೆ ಇಲ್ಲಿಂದ ಹೋಗಿ ಪಂಕ್ತಿಯಲ್ಲಿ ಕೂರುವಂಥವು. ಅಂಥವಕ್ಕೂ ಹದಿನೈದು ದಿನ ಆ ಮೊಟ್ಟೆಗಳು ಕಂಡಿರಲಿಲ್ಲ.

ಬೆಳಿಗ್ಗೆ ಬೊಮ್ಮಣ್ಣ ಜನರನ್ನು ಕರೆದುಕೊಂಡು ಅಲ್ಲಿಗೆ ಬಂದಾಗ ಬಿಳಿ ಕಲ್ಲುಗಳಿದ್ದವು. ಒಳಗೆ ಒಡೆದ ಚಿಪ್ಪು ಇತ್ತು. ಮೇಲೆ ಎರಡು ಹಕ್ಕಿ ಕೂಗುತ್ತಾ ಸುತ್ತುತ್ತಿದ್ದವು.

ಇಲ್ಲೇನು ಗುಡಿ ಕಟ್ಟಿಸ್ತೀರಾ ಸ್ವಾಮಿ ಅಂತ ಒಬ್ಬ ತಮಾಷೆ ಮಾಡಿದ. ಜನ ನಕ್ಕು ಮುಂದೆ ಹೋದರು.

ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಗುರುಗಳು ಅಲ್ಲೇ ಕೂತರು. ಒಂದೊಂದೇ ಕಲ್ಲು ಎತ್ತಿ, ನೀರಿನಲ್ಲಿ ಸುಣ್ಣ ತೊಳೆಯತೊಡಗಿದರು.

"ಯಾರಾದರೂ ತುಳಿದಾರು ಅಂತ ಇಟ್ಟೆ, ಬುದ್ಧಿ."

"ಗೊತ್ತು."

"ಮೊಟ್ಟೆ ಇರೋದು ನಿಮಗೆ ಮೊದಲೇ ಗೊತ್ತಿತ್ತೇ?"

"ಗೊತ್ತಿತ್ತು."

"ನನಗೊಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದರೆ ನೀನು ಆ ಕಡೆ ನೋಡ್ತಿದ್ದೆ. ನೀನು ನೋಡಿದ ಕಡೆ ನೂರು ಜನ ನೋಡ್ತಿದ್ದರು. ನೂರು ಜನ ನೋಡಿದ ಕಡೆ ಕಾಗೆ ನೋಡದೆ ಬಿಡುತ್ತಾ?"

ಬೊಮ್ಮಣ್ಣ ಬೆಳಿಗ್ಗೆ ಗುರುಗಳು ಕೈಗೆ ಕೊಟ್ಟಿದ್ದ ಕೋಲನ್ನು ಅವರ ಕಾಲ ಬಳಿ ಇಟ್ಟ.

"ಈ ದಾರಿ ನನಗೆ ಬೇಡ ಬುದ್ಧಿ. ನನಗೆ ಆ ಯೋಗ್ಯತೆ ಇಲ್ಲ."

ಗುರುಗಳು ಕೋಲಿನ ಕಡೆ ನೋಡಲಿಲ್ಲ. ಇನ್ನೊಂದು ಕಲ್ಲು ತೊಳೆಯುತ್ತಾ ಕೇಳಿದರು.

"ಕಾಗೆಗೇ ಕಾಣದ್ದು ನಿನಗೆ ಹೇಗೆ ಕಂಡಿತು?"

ಬೊಮ್ಮಣ್ಣ ತಲೆ ತಗ್ಗಿಸಿದ.

"ನಿಮ್ಮ ಹೆಜ್ಜೆಯಿಂದ, ಬುದ್ಧಿ. ಹಸಿ ಮಣ್ಣಲ್ಲಿ ನೇರ ಬಂದಿದ್ದವು. ಇಲ್ಲಿ ಮಾತ್ರ ಬಳಸಿಕೊಂಡು ಹೋಗಿದ್ದವು. ದಿನಾ ಬಳಸಿ ಬಳಸಿ ಅಲ್ಲೊಂದು ಜಾಡೇ ಬಿದ್ದಿತ್ತು. ಏನನ್ನ ಬಿಟ್ಟು ನಡೆದಿದಾರೆ ಅಂತ ಬಗ್ಗಿ ನೋಡಿದೆ."

ನೀರಿನೊಳಗೆ ಗುರುಗಳ ಕೈ ನಿಂತಿತು. ಸುಣ್ಣ ಬೆಳ್ಳಗೆ ಹರಡಿ ಕರಗಿತು. ಹಕ್ಕಿಗಳು ಇನ್ನೂ ಕೂಗುತ್ತಲೇ ಇದ್ದವು.

ಗುರುಗಳು ಅಂದರು:

"ಕೋಲು ಎತ್ತಿಕೋ ಮಗಾ. ಇಲ್ಲಿ ಮೊದಲು ಗುರುತು ಹಾಕಿದವನು ನಾನು."