ಎಣ್ಣೆ ತಲೆ, ಹಾರದ ಕಾಗದ

ಹೊಳೆಯ ದಂಡೆಯ ಆಶ್ರಮದಲ್ಲಿ ಒಂದು ಶಾಲೆ. ಅಲ್ಲಿ ನಲವತ್ತು ವರ್ಷ ವಿಜ್ಞಾನ ಕಲಿಸಿದ ಭಾಗೀರಥಮ್ಮನಿಗೆ ಮೇದಿನಿ ಕೊನೆಯ ಶಿಷ್ಯೆ.

"ಏಳನೇ ತರಗತಿಗೆ ಸ್ಥಿರ ವಿದ್ಯುತ್ತಿನ ಪಾಠ ನೀನು ಮಾಡು," ಎಂದರು ಗುರು. "ಸರಿಹೋದರೆ ತರಗತಿ ನಿನ್ನದು. ಇಲ್ಲದಿದ್ದರೆ ಇನ್ನೊಂದು ವರ್ಷ ನನ್ನ ಜೊತೆ ಕೂತು ಕಲಿ."

ಮೇದಿನಿ ಮೂರು ದಿನ ಓದಿಕೊಂಡಳು. ಬೆಳಗಿನ ಮೊದಲ ಪಾಠಕ್ಕೆ ಪ್ಲಾಸ್ಟಿಕ್ ಬಾಚಣಿಗೆ, ಕಾಗದದ ಚೂರು ಹಿಡಿದು ಹೋದಳು.

ಮಕ್ಕಳು ಆಗಷ್ಟೇ ಹೊಳೆಯಲ್ಲಿ ಮಿಂದು, ಅಡುಗೆಮನೆ ಬಾಗಿಲಲ್ಲಿಟ್ಟ ಬಟ್ಟಲಿನ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಅದು ಆಶ್ರಮದ ಪದ್ಧತಿ.

ಒಬ್ಬೊಬ್ಬರಾಗಿ ತಲೆ ಬಾಚಿದರು. ಬಾಚಣಿಗೆಯನ್ನು ಕಾಗದದ ಹತ್ತಿರ ಹಿಡಿದರು. ಕಾಗದ ಅಲ್ಲಾಡಲಿಲ್ಲ.

"ಕಾಗದಕ್ಕೆ ಇನ್ನೂ ಬೆಳಗಾಗಿಲ್ಲ ಅಕ್ಕ," ಎಂದ ಒಬ್ಬ. ಎಲ್ಲರೂ ನಕ್ಕರು.

ಮೇದಿನಿ ಪುಸ್ತಕ ತೆರೆದಳು. "ಪುಸ್ತಕದಲ್ಲಿ ಹಾರುತ್ತೆ ಅಂತಿದೆ. ಹಾರಿತು ಅಂತ ಬರೆದುಕೊಳ್ಳಿ."

ಸಂಜೆ ನೋಟ್‌ಬುಕ್ಕುಗಳನ್ನು ತಂದು ಗುರುವಿನ ಮುಂದಿಟ್ಟಳು. "ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಸರಿ ಇವೆ ಅಮ್ಮ."

"ತಪ್ಪಿದ್ದು ಯಾರು?"

"ನಾಗವೇಣಿ. 'ಕಾಗದ ಹಾರಲಿಲ್ಲ' ಅಂತ ಬರೆದಿದ್ದಾಳೆ. ಕೆಂಪು ಗೀಟು ಹಾಕಿದ್ದೇನೆ."

"ಹಾರಿತೇ?"

ಮೇದಿನಿ ಹೊಳೆಯ ಕಡೆ ನೋಡಿದಳು. "ಇಲ್ಲ."

ಭಾಗೀರಥಮ್ಮ ಕೈ ಚಾಚಿದರು. "ಆ ಕೆಂಪು ಪೆನ್ಸಿಲ್ ಇಲ್ಲಿ ಕೊಡು."

ಕೊಟ್ಟಳು. ಗುರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದು ಹೋದರು.

ಮರುದಿನ ಮೇದಿನಿ ತರಗತಿಯಲ್ಲಿ ನೋಟ್‌ಬುಕ್ಕುಗಳನ್ನು ಮಕ್ಕಳಿಗೆ ಹಿಂತಿರುಗಿಸಿದಳು.

"ನಾಗವೇಣಿ ಬರೆದದ್ದೇ ಸರಿ. ತಪ್ಪು ನನ್ನದು. ಯಾಕೆ ಹಾರಲಿಲ್ಲ ಅಂತ ನನಗೂ ಗೊತ್ತಿಲ್ಲ. ಹುಡುಕೋಣವಾ?"

ಯಾರೂ ನಗಲಿಲ್ಲ. ನಾಗವೇಣಿ ಬಾಚಣಿಗೆ ತೆಗೆದುಕೊಂಡು ಮೂಸಿದಳು. "ಅಕ್ಕ, ಇದು ಬಾಚಣಿಗೆನಾ, ಒಗ್ಗರಣೆ ಸೌಟಾ?"

"ಎಣ್ಣೆ ಕಾರಣ ಅಂತೀಯಾ?"

"ನೀರೂ ಇರಬಹುದು. ನಮ್ಮ ತಲೆ ಇನ್ನೂ ಒಣಗೇ ಇಲ್ಲ."

"ಇರಬಹುದು ಅಂದರೆ ಸಾಲದು. ಮಾಡಿ ನೋಡಬೇಕು."

ಭಾನುವಾರ ಮಕ್ಕಳು ಮೂರು ಗುಂಪಾದರು. ಒಂದು ಗುಂಪು ಎಂದಿನಂತೆ ಎಣ್ಣೆ ಹಚ್ಚಿತು. ಇನ್ನೊಂದು ಮಧ್ಯಾಹ್ನ ಸೀಗೆಪುಡಿ ಹಾಕಿ ತಲೆ ತೊಳೆದು ಒದ್ದೆಯಲ್ಲೇ ಬಂತು. ಮತ್ತೊಂದು ಬೆಳಿಗ್ಗೆಯೇ ಹಾಗೆಯೇ ತಲೆ ತೊಳೆದು, ಮಧ್ಯಾಹ್ನದವರೆಗೆ ಬಂಡೆಯ ಮೇಲೆ ಬಿಸಿಲಿಗೆ ಕೂತಿತು. ಬಾಚಣಿಗೆಗಳನ್ನೂ ತೊಳೆದು ಒಣಗಿಸಿದರು.

ಭಾಗೀರಥಮ್ಮ ಬಂದು ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಕೂತರು.

ಎಣ್ಣೆ ತಲೆಯವರು ಬಾಚಿದರು. ಕಾಗದ ಅಲ್ಲಾಡಲಿಲ್ಲ. ಒದ್ದೆ ತಲೆಯವರು ಬಾಚಿದರು. ಆಗಲೂ ಇಲ್ಲ.

ನಾಗವೇಣಿ ತನ್ನ ಒಣಗಿ ಕೆದರಿದ ಕೂದಲನ್ನು ಹತ್ತು ಸಲ ಬಾಚಿ, ಬಾಚಣಿಗೆ ತಗ್ಗಿಸಿದಳು.

ಕಾಗದದ ಚೂರುಗಳು ಎದ್ದು ಹಾರಿ ಬಾಚಣಿಗೆಗೆ ಅಂಟಿಕೊಂಡವು.

"ಇನ್ನೊಂದು ಸಲ," ಎಂದಳು ಮೇದಿನಿ.

ಮತ್ತೆ ಹಾರಿದವು.

ಹೇಳದೆಯೇ ಮಕ್ಕಳು ನೋಟ್‌ಬುಕ್ ತೆರೆದರು. ಇಪ್ಪತ್ತೊಂದು ಜನ ಹಳೆಯ ಸಾಲು ಹೊಡೆದುಹಾಕಿದರು. ನಾಗವೇಣಿ ಮಾತ್ರ ತನ್ನ 'ಹಾರಲಿಲ್ಲ'ದ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಯಾಕೆ ಅಂತ ಈಗ ಗೊತ್ತು.'



ಮಕ್ಕಳು ಊಟಕ್ಕೆ ಓಡಿದ ಮೇಲೆ ಗುರು ಬಳಿ ಬಂದರು. ಸೆರಗಿನ ಗಂಟು ಬಿಚ್ಚಿ ಕೆಂಪು ಪೆನ್ಸಿಲನ್ನು ಅವಳ ಅಂಗೈಯಲ್ಲಿಟ್ಟರು.

"ತರಗತಿ ನಿನ್ನದು."

ಮೇದಿನಿ ಪೆನ್ಸಿಲ್ ನೋಡಿದಳು. "ಇದು ಇನ್ನು ಯಾಕಮ್ಮ? ಮಕ್ಕಳೇ ತಿದ್ದಿಕೊಂಡರಲ್ಲ."

"ಇನ್ನೊಂದು ನೋಟ್‌ಬುಕ್ ಉಳಿದಿದೆ."

"ಯಾರದು?"

"ನಾನೂ ಏಳನೇ ತರಗತಿ ಓದಿದ್ದು ಇಲ್ಲಿಯೇ. ನನ್ನದೂ ಎಣ್ಣೆ ತಲೆಯೇ. ಆ ನೋಟ್‌ಬುಕ್ ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಕಾಗದ ಹಾರಿದೆ. ತಿದ್ದು."