ನೀರು ಸರಿಯದೆ ಕೆಂಬೇರಿ ಏಳುವುದಿಲ್ಲ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಕೂತಿದ್ದವು, ನದಿಗಳು ದಾರಿ ಹುಡುಕುತ್ತಿದ್ದವು. ಕಡಲು ಮಾತ್ರ ಬಟ್ಟಲಲ್ಲಿಟ್ಟ ಗಂಜಿಯ ಹಾಗೆ ಅಲುಗದೆ ಮಲಗಿತ್ತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ನದಿ ಕಡಲಿಗೆ ಸೇರುವ ಅಳಿವೆಯ ದಂಡೆಯಲ್ಲಿ ಗಣಪಿ ಎಂಬ ಹೆಂಗಸಿದ್ದಳು. ಕೂತಲ್ಲಿ ಕೂರದವಳು, ನಿಂತಲ್ಲಿ ನಿಲ್ಲದವಳು. ಆ ವಾರವಂತೂ ಅವಳ ಕಾಲಿಗೆ ಬಿಡುವೇ ಇರಲಿಲ್ಲ. ತಂಗಿ ಮಾಸ್ತಿ ಹೆತ್ತು ಒಂಬತ್ತು ದಿನ, ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಒಂದಿಷ್ಟು ಮೀನಿನ ಸಾರು ಹೊಟ್ಟೆಗೆ ಬಿದ್ದರೆ ಹಾಲು ಇಳಿದೀತು ಅಕ್ಕ" ಎಂದಳು ಮಾಸ್ತಿ.

ಆದರೆ ಆಗ ಮೀನುಗಳೆಲ್ಲ ತಳದ ಕೆಸರಿಗೆ ಹೊಟ್ಟೆ ಅಂಟಿಸಿಕೊಂಡು ಬಿದ್ದಿರುತ್ತಿದ್ದವು. ಗಣಪಿ ಹಾಲುವಾಣದ ಹಗುರ ಮರ ಕೆತ್ತಿ ಪುಟ್ಟ ಮೀನು ಮಾಡಿದಳು. ಹೊಟ್ಟೆಗೆ ಮುಳ್ಳಿನ ಗಾಳ, ಮೂಗಿಗೆ ನಾರಿನ ಹುರಿ. ನೀರಿನ ಮೇಲೆ ಎಸೆದಳು, ಎಳೆದಳು, ಕುಣಿಸಿದಳು. ಒಂದು ದಿನ, ಎರಡು ದಿನ, ಮೂರು ದಿನ.

ಅಳಿವೆಯ ಉಪ್ಪುನೀರಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನೊಳಗಿಂದ ಕೆಂಬೇರಿ ಮೀನು ಆಕಳಿಸಿತು. "ನಿನ್ನ ಮರದ ತುಂಡು ನೋಡಿ ನೋಡಿ ಸಾಕಾಯ್ತು ಮಾರಾಯ್ತಿ. ನನ್ನ ಸೀಗಡಿ ಬಾಯಿ ಹತ್ತಿರವೇ ಮಲಗಿದೆ. ನಾನ್ಯಾಕೆ ಮೇಲೆ ಬರಲಿ?"

ಗಣಪಿ ಕಡಲ ಬಳಿಗೆ ಓಡಿದಳು. "ಕಡಲಣ್ಣ, ಒಂಚೂರು ಅಲುಗು, ಮೀನು ಮೇಲೇಳಲಿ."

"ಅಲುಗಿದರೆ ಎಲ್ಲಿ ನಿಲ್ಲಬೇಕು ಅಂತ ನನಗೆ ಗೊತ್ತಿಲ್ಲ" ಎಂದಿತು ಕಡಲು, ಹೆದರಿ.

ಮಧ್ಯಾಹ್ನದ ಬಾನಿನಲ್ಲಿ ಬಿಳಿಚಿದ ಚಂದ್ರ ಹೋಗುತ್ತಿದ್ದ. "ನಾನು ಕೈ ಹಿಡೀತೇನೆ, ಎದ್ದು ಬಾ" ಎಂದ.

ಕಡಲು ಎದ್ದಿತು. ಅಳಿವೆಗೆ ನುಗ್ಗಿತು. ಕಾಂಡ್ಲಾ ಬೇರು ಮುಳುಗಿದವು, ಗಣಪಿಯ ಮೊಣಕಾಲು ಮುಳುಗಿತು, ನೀರು ಗುಡಿಸಲ ಹೊಸ್ತಿಲಿಗೇ ಬಂತು. ಒಳಗೆ ಮಾಸ್ತಿ ಕೂಸನ್ನು ಎದೆಗವಚಿಕೊಂಡಳು.

ಗಣಪಿ ಹೊಸ್ತಿಲಿಗೆ ಅಡ್ಡ ನಿಂತಳು. "ಇಲ್ಲಿಗೆ ಸಾಕು. ಹಿಂದೆ ಹೋಗು."

"ಹೋದರೆ ಚಂದ್ರ ಕೈತಪ್ಪುತ್ತಾನೆ."

"ಮತ್ತೆ ಬಾ. ಬಂದು ಹೋಗು, ಬಂದು ಹೋಗು. ಬೇಡ ಅಂದವರು ಯಾರು?"

ಹೋಗಲೋ ಬೇಡವೋ ಎಂದು ಕಡಲು ಒಂದು ಗಳಿಗೆ ಅಲ್ಲೇ ನಿಂತಿತು. ಆ ಗಳಿಗೆಯಲ್ಲಿ ಒಂದು ಮೀನೂ ಮಿಸುಕಲಿಲ್ಲ.

ಆಮೇಲೆ ನೀರು ತಿರುಗಿತು. ಬೇರುಗಳ ನಡುವಿನ ಸೀಗಡಿ, ಮರಿಮೀನುಗಳನ್ನೆಲ್ಲ ಬಾಚಿಕೊಂಡು ಅಳಿವೆಯ ಬಾಯಿಗೆ ಓಡಿತು. ಕೆಂಬೇರಿಯ ಊಟ ಅದರ ಕಣ್ಣೆದುರೇ ನೀರ ಮೇಲೆ ಚಿಮ್ಮಿ ಚಿಮ್ಮಿ ಪಾರಾಗುತ್ತಿತ್ತು. ಕೆಂಬೇರಿ ಅದರ ಬೆನ್ನು ಹತ್ತಿತು. ಗಣಪಿ ಮರದ ಮೀನನ್ನು ಆ ಓಟದ ನಡುವೆಯೇ ಎಸೆದು ಕುಣಿಸಿದಳು. ಯಾವುದು ಸೀಗಡಿ, ಯಾವುದು ಮರ ಎಂದು ನೋಡಲು ಕೆಂಬೇರಿಗೆ ಪುರುಸೊತ್ತಿರಲಿಲ್ಲ. ಛಳ್ಳೆಂದು ನೀರು ಒಡೆಯಿತು. ಹುರಿ ಅವಳ ಅಂಗೈ ಕೊಯ್ಯಿತು. ಅವಳು ಬಿಡಲಿಲ್ಲ.

ಸಂಜೆ ಮಾಸ್ತಿ ಎರಡು ಬಟ್ಟಲು ಸಾರು ಕುಡಿದಳು. ಮರುದಿನ ಕೂಸು ಹಾಲು ಚೀಪುವ ಸದ್ದು ಕೇಳುತ್ತ, ಗಣಪಿ ಅಂಗೈಯ ಗಾಯಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹೊರಗಿನಿಂದ ಕಡಲು ಕೇಳಿತು, "ನಾನಿನ್ನು ಮಲಗುವುದು ಯಾವಾಗ ತಂಗೀ?"

ಗಣಪಿ ಮರದ ಮೀನಿಗೆ ಹೊಸ ಹುರಿ ಕಟ್ಟತೊಡಗಿದಳು.

ಅಂದಿನಿಂದ ಕಡಲು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದಕ್ಕೇ ಮಗೂ, ಅಳಿವೆಯ ಬಾಯಲ್ಲಿ ಮರದ ಮೀನು ಹಿಡಿದು ಕೂತವರು ಗಾಳ ಎಸೆಯದೆ ಬರೀ ನೀರನ್ನೇ ನೋಡುತ್ತಿರುತ್ತಾರೆ; ತೇಲುವ ಒಂದು ಎಲೆ ಸರಿಯತೊಡಗಿತೋ, ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ.